ಮಾವ ಕರಿದ ಮಂಡಾಸಿ

ಗಂಡಸು ಬಾಣಲೆಯ ಮುಂದೆ ಕೂತರೆ ಎಣ್ಣೆ ಮುನಿಯುತ್ತದೆ ಎಂದವಳು ನೀನೋ ಅಮ್ಮನೋ, ಅಕ್ಕ? ಡೆಡ್ಝಾದ ಈ ಬೆಟ್ಟದ ಚಳಿಯಲ್ಲಿ ಮುನಿದದ್ದು ಎಣ್ಣೆಯಲ್ಲ, ಪಕ್ಕದ ಮನೆಯ ಫಲೆಸಿ. ಬೆಳಿಗ್ಗೆ ಮಂಡಾಸಿ, ಅದೇ ಸಿಹಿ ಹಿಟ್ಟಿನ ಉಂಡೆ, ಕರಿದು ಮಾರುವವಳು. ಹೆಂಗಸರಿಗೆ ವ್ಯಾಪಾರ ಕಲಿಸುವ ತರಗತಿಯೂ ಅದೇ ಹೊತ್ತಿಗೆ. ನಿನ್ನೆ ಗಂಡ ಸಿಮ್ಯೋನಿಯನ್ನು ಬಾಣಲೆಗೆ ಕೂರಿಸಿ ಹೋದಳು. ಅವನೋ ಮನೆಯಳಿಯ, ಹೆಂಡತಿಯ ಕಡೆಯವರ ಹತ್ತಿರ ಕಾಸು ಕೇಳುವಂತಿಲ್ಲ. ಅವಳ ಸೋದರಮಾವ ಬಂದು, "ಅಳಿಯಂದ್ರೇ, ಬೆಂದಿದ್ಯಾ ನೋಡೋಣ" ಎಂದರು. ಹಿಂದೆಯೇ ನೆಂಟರೆಲ್ಲ ನೋಡಿದರು.

ಫಲೆಸಿ ಮರಳುವಾಗ ಬುಟ್ಟಿಯೂ ಖಾಲಿ, ಡಬ್ಬಿಯೂ ಖಾಲಿ.

"ಲಾಭ ಎಲ್ಲಿ?"

"ನಿಮ್ಮಾವನ ಹೊಟ್ಟೇಲಿದೆ, ಹೋಗಿ ಕೇಳು."

ತರಗತಿ ಬಿಟ್ಟೇಬಿಡುತ್ತಾಳೆ ಅಂದುಕೊಂಡೆ. ಅವಳು ನೇರ ಮಾವನ ಅಂಗಳಕ್ಕೆ ಹೋಗಿ, "ತಿಂದೋರೇ ನಾಳೆ ಕರೀಬೇಕು ಮಾವಾ, ನಂಗೆ ಪಾಠ ಇದೆ" ಎಂದಳು.

ಇವತ್ತು ಬಾಣಲೆಯ ಮುಂದೆ ಮಾವ, ತಲೆಯ ಮೇಲೆ ಟೋಪಿ ಸಮೇತ. "ಮೊದಲು ಕಾಸು ಇಡಪ್ಪಾ. ನನ್ನ ಸೊಸೆ ಓದೋಕೆ ಹೋಗಿದಾಳೆ" ಎಂದು ಯಾರನ್ನೂ ಬಿಡಲಿಲ್ಲ, ಸಿಮ್ಯೋನಿಯನ್ನೂ. ನಾನೂ ಕೊಟ್ಟೆ. ಸ್ವಲ್ಪ ಸೀದಿತ್ತು.

ನನ್ನ ಕೆಮ್ಮು ವಾಸಿಯಾಗಿದೆ, ಕಂಬಳಿ ಕಳಿಸಬೇಡ. ಅಂಚೆ ಒಯ್ಯುವ ಬಸ್ಸು ಹಾರನ್ ಹೊಡೆಯುತ್ತಿದೆ. ನಿಮ್ಮ ಸರೋವರದ ಕಡೆಯೂ ಇಂಥ ತರಗತಿ ಶುರುವಾಗಿದೆಯಂತೆ. ನೀನು ಪಾಠಕ್ಕೆ ಹೊರಟರೆ ನಿನ್ನ ಮೀನಿನ ಬುಟ್ಟಿಯ ಮುಂದೆ ಕೂರಲು ಅಲ್ಲಿ ಯಾರಿದ್ದಾರೆ, ಅಕ್ಕ?