ಮಾತಿಲ್ಲದ ಹಲಗೆ

ಹಿರೇಮಟ್ಟಿ, ತಾ. ಶಿಗ್ಗಾಂವ
೧೨ ಫೆಬ್ರುವರಿ ೧೯೮೭

ಪ್ರೀತಿಯ ತಮ್ಮ ಮೈಲಾರಿಗೆ,

ನಿನ್ನ ಮಂಜಕ್ಕನ ಆಶೀರ್ವಾದ. ಮೈಗೆ ಹೇಗಿದೆ? ಕೆಮ್ಮು ಇನ್ನೂ ಬಿಟ್ಟಿಲ್ಲ ಎಂದು ಬರೆದಿದ್ದೀಯ. ಮುಂಬಯಿ ಬಂದರಿನಲ್ಲಿ ದಿನವಿಡೀ ಸಿಮೆಂಟಿನ ಚೀಲ ಹೊರುವವನಿಗೆ ಕೆಮ್ಮು ಬರದೆ ಇನ್ನೇನು ಬಂದೀತು? ಮೂಗಿಗೆ ಬಟ್ಟೆ ಕಟ್ಟಿಕೋ ಮಾರಾಯ. ಅಲ್ಲಿ ನಿನ್ನ ಮೂಗು ನೋಡಿ ಹೆಣ್ಣು ಕೊಡುವವರು ಯಾರೂ ನಿಂತಿಲ್ಲ. ಅವ್ವನ ಮೊಣಕಾಲು ನೋವು ಇದ್ದ ಹಾಗೆಯೇ ಇದೆ. ನನ್ನ ಬಾಲವಾಡಿಯ ಮಕ್ಕಳು ದಿನಾ ನನ್ನ ತಲೆ ತಿಂದು ದುಂಡಗಾಗುತ್ತಿದ್ದಾರೆ. ಅಪ್ಪನ ಸುದ್ದಿಯನ್ನು ಒಂದೇ ಸಾಲಿನಲ್ಲಿ ಬರೆಯಲು ಆಗುವುದಿಲ್ಲ, ಅದಕ್ಕೇ ಈ ಉದ್ದದ ಕಾಗದ.

ಎರಡನೆಯ ಕ್ಯಾಸೆಟ್ ಮಾಡಬೇಕು, ಹಲಗೆ ಬಾರಿಸಲು ಅಪ್ಪನನ್ನು ಮುಂದಿನ ತಿಂಗಳು ಮುಂಬಯಿಗೆ ಕಳಿಸು ಎಂದು ಬರೆದಿದ್ದೀಯ. ಶಿಗ್ಗಾಂವದ ಕ್ಯಾಸೆಟ್ ಅಂಗಡಿಯವರು ಮತ್ತಷ್ಟು ಕಳಿಸಿ ಎಂದು ಪತ್ರ ಹಾಕಿದರೆಂದು ಹಿಗ್ಗಿದ್ದೀಯ. ಆ ಹಿಗ್ಗಿನ ಮೇಲೆ ನೀರು ಸುರಿಯಲು ನನಗೆ ಮನಸ್ಸಿಲ್ಲ. ಹೋದ ಬೇಸಿಗೆಯಲ್ಲಿ ನೀನು ಟೇಪ್ ರೆಕಾರ್ಡರ್ ಹೊತ್ತು ಬಂದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಡಗಿನವನೊಬ್ಬ ಕೊಟ್ಟ ಕ್ಯಾಸೆಟ್ಟಿನಲ್ಲಿ ಅಮೆರಿಕದ ಕರಿಯ ಹುಡುಗರು ಹಾಡುವುದೇ ಇಲ್ಲ, ತಾಳದ ಮೇಲೆ ಸಿಟ್ಟಿನ ಮಾತು ಒಗೆಯುತ್ತಾರೆ, ನಮ್ಮ ಹಲಗೆ ಅದಕ್ಕಿಂತ ಏನು ಕಡಿಮೆ ಎಂದೆ ನೀನು. ನಿನಗೆ ತಲೆ ಕೆಟ್ಟಿದೆ ಎಂದು ನಾನು ನಕ್ಕಿದ್ದೆ. ಆದರೆ ಅಪ್ಪನ ಹಲಗೆಯ ಮೇಲೆ ನಿನ್ನ ಮಾತು ಕೂಡಿಸಿದ ಆ ‘ಕೇರಿಯ ಸುದ್ದಿ’ ಕ್ಯಾಸೆಟ್ ಬಂದ ಮೇಲೆ ಹಾನಗಲ್ಲಿನಿಂದ, ಹಿರೇಕೆರೂರಿನಿಂದ ಹುಡುಗರು ಬಸ್ಸು ಹತ್ತಿ ಬಂದು ಅಪ್ಪನ ಕೈ ಮುಟ್ಟಿ ನೋಡಿದರು. ಸವಣೂರಿನ ಪ್ರಹ್ಲಾದ ಮಾಸ್ತರರು ಪೂರ್ತಿ ಕೇಳಿ, ‘ಛಂದಸ್ಸು ಎಲ್ಲೂ ತಪ್ಪಿಲ್ಲ, ಖಾರ ಮಾತ್ರ ಜಾಸ್ತಿ ಆಗೇದ’ ಎಂದರಂತೆ. ಚಹಾದಂಗಡಿಯಲ್ಲಿ ನಮಗೆ ಬೇರೆ ಕಪ್ಪು ಇಡುತ್ತಾರೆಂದು ನೀನು ಅದರಲ್ಲಿ ಒಗೆದ ಮಾತು ಅವರ ಗಂಟಲಲ್ಲೂ ಸಿಕ್ಕಿಕೊಂಡಿರಬೇಕು.

ನಮ್ಮ ಕೇರಿಗೆ ಮಾತ್ರ ನಾಟಿದ್ದು ನಿನ್ನ ಒಂದೇ ಸೊಲ್ಲು. ‘ಸತ್ತಾಂವ ನಿಮ್ಮಾಂವ, ಅಳೂದು ನೀವ ಅಳ್ರಿ, ನಮ್ಮ ಕೈಗೆ ಕೆಲಸೈತಿ, ಹಾದಿ ಬಿಟ್ಟು ನಿಲ್ರಿ.’ ಅಜ್ಜನ ಕಾಲದಿಂದ ಊರವರ ಹೆಣದ ಮುಂದೆ ಹಲಗೆ ಬಾರಿಸುತ್ತ ನಡೆದವರು ನಾವು. ದೀಪಾವಳಿ ಕಳೆದ ಮೇಲೆ ಹಿರಿಯರೆಲ್ಲ ಕೂಡಿ, ಇನ್ನು ಯಾರ ಹೆಣದ ಮುಂದೆಯೂ ಬಾರಿಸುವುದಿಲ್ಲ ಎಂದು ಆಣೆ ಮಾಡಿದರು. ಎಲ್ಲರಿಗಿಂತ ಮೊದಲು ಆಣೆ ಇಟ್ಟವನು ಅಪ್ಪ. ಆ ದಿನ ಅವನ ಮುಖ ನೀನು ನೋಡಬೇಕಿತ್ತು. ಮದುವೆಯ ಹುಡುಗನ ಹಾಗೆ ಮೀಸೆ ತಿರುವಿಕೊಂಡು ಮನೆಗೆ ಬಂದಿದ್ದ.

ಸಂಕ್ರಾಂತಿ ಮುಗಿದ ಮೇಲೆ ಗೌಡರ ತಾಯಿ ತೀರಿಕೊಂಡರು. ಆಳು ಲಕ್ಷ್ಮಪ್ಪ ಕರೆಯಲು ಬಂದ. ಅಪ್ಪ ಹೊಸ್ತಿಲಲ್ಲಿ ನಿಂತೇ, ‘ಆ ಮುದುಕಿ ಒಳ್ಳೇಕಿ ಇದ್ಲು, ಮಣ್ಣಿಗೆ ಬರ್ತೇನಿ. ಹಲಗಿ ಹಿಡಕೊಂಡು ಈ ನೀಲಪ್ಪ ಬರೂದಿಲ್ಲ ಅಂತ ಹೇಳು’ ಎಂದ. ಹೊಡೆಯಲು ಬರುತ್ತಾರೆಂದು ಅವ್ವ ಬಾಗಿಲಿಗೆ ಅಗುಳಿ ಹಾಕಿದಳು. ಯಾರೂ ಬರಲಿಲ್ಲ. ಮಧ್ಯಾಹ್ನ ಊರ ಕಡೆಯಿಂದ ಹಲಗೆಯ ಸಪ್ಪಳ ಕೇಳಿಸಿತು. ನಮ್ಮವರೇ ಯಾರೋ ಆಣೆ ಮುರಿದರೆಂದು ಅವ್ವ ಶಪಿಸತೊಡಗಿದಳು. ಅಪ್ಪ ತುಸು ಹೊತ್ತು ಕಿವಿಗೊಟ್ಟು, ‘ಸುಮ್ನಿರು, ಅದು ನನ್ನ ಕೈ’ ಎಂದ.

ಹೌದು ತಮ್ಮಾ, ನಿನ್ನ ಕ್ಯಾಸೆಟ್ಟೇ. ಟ್ರ್ಯಾಕ್ಟರಿನಲ್ಲಿ ಟೇಪ್ ರೆಕಾರ್ಡರ್ ಇಟ್ಟು, ಧ್ವನಿವರ್ಧಕ ಕಟ್ಟಿ, ಹೆಣದ ಮುಂದೆ ನಡೆಸಿದ್ದರು. ಎರಡನೆಯ ಬದಿಯ ಶುರುವಿನಲ್ಲಿ ಅಪ್ಪನೊಬ್ಬನೇ ಬಾರಿಸುವ ಭಾಗ ಇದೆಯಲ್ಲ, ಕೈ ಎಷ್ಟು ಚೆಂದ ಬಿದ್ದಿದೆ, ಇದಕ್ಕೆ ಮಾತು ಬೇಡ ಎಂದು ನೀನೇ ಬಿಟ್ಟದ್ದು. ಅಷ್ಟನ್ನು ಹಾಕುವುದು, ನಿನ್ನ ದನಿ ಬರುವಷ್ಟರಲ್ಲಿ ಗುಂಡಿ ಒತ್ತಿ ಹಿಂದಕ್ಕೆ ಸುತ್ತುವುದು, ಮತ್ತೆ ಹಾಕುವುದು. ಸುಡುಗಾಡಿಗೆ ಹತ್ತಿರದ ಹಾದಿ ಬಿಟ್ಟು, ಬೇಕೆಂದೇ ನಮ್ಮ ಕೇರಿಯ ಮುಂದೆ ಹಾಯ್ದು ಹೋದರು. ‘ನೀಲ್ಯಾ ಬರ್ಲಿಲ್ಲಂದ್ರ ಏನಾತು, ಅವನ ಹಲಗಿ ಬಂತಲ್ಲ’ ಎಂದು ಯಾರೋ ಕೂಗಿದರು, ಹೆಣದ ಹಿಂದೆ ಇದ್ದವರೂ ನಕ್ಕರು. ಅಪ್ಪ ಒಂದು ಕೈಯಿಂದ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಗೋಡೆಗೆ ಒರಗಿ ಕುಳಿತಿದ್ದ. ಮಣ್ಣಿಗೂ ಹೋಗಲಿಲ್ಲ.

ಅಂಗಡಿಯವರು ಮತ್ತಷ್ಟು ಕೇಳಿದ್ದು ಯಾಕೆಂದು ಈಗ ನಿನಗೆ ತಿಳಿದಿರಬೇಕು. ಹುಲಗೂರು, ತಡಸದ ಕಡೆಯ ದೊಡ್ಡ ಮನೆಗಳವರೂ ಒಯ್ಯುತ್ತಿದ್ದಾರೆ. ಕೊಳ್ಳುವವರಿಗೆ ಎರಡನೆಯ ಬದಿಯ ಶುರುವಷ್ಟೇ ಬೇಕು. ಹಲಗೆ ಬಾರಿಸಿದ್ದಕ್ಕೆಂದು ಸುಗ್ಗಿಯಲ್ಲಿ ಊರವರಿಂದ ಬರುತ್ತಿದ್ದ ಜೋಳ ಈ ಸಲ ಕೇರಿಗೆ ಬರಲಿಲ್ಲ. ‘ಬಡವನ ಸಿಟ್ಟು ದವಡೆಗೆ ಮೂಲ, ಹಲಗಿ ಅಂತೂ ಬಾರಿಸ್ಕೊಂಡ್ರು, ಕಾಳು ಮಾತ್ರ ಹೋತು’ ಎಂದು ನಮ್ಮವರೇ ಅಪ್ಪನಿಗೆ ಕೇಳಿಸುವಂತೆ ಅನ್ನುತ್ತಾರೆ. ಅಪ್ಪನೋ, ಎಲ್ಲಾದರೂ ಟೇಪ್ ಕೇಳಿದರೆ ಎದ್ದು ಹೊಲದ ಕಡೆ ಹೋಗಿಬಿಡುತ್ತಾನೆ. ತಟ್ಟೆಯಲ್ಲಿ ರೊಟ್ಟಿ ಹಾಗೆಯೇ ಉಳಿಯುತ್ತದೆ. ಮೊನ್ನೆ ಅವ್ವ ಒತ್ತಾಯ ಮಾಡಿ ಕೇಳಿದಾಗ ಇಷ್ಟೇ ಅಂದ: ‘ಕರದ್ರು, ಒಲ್ಲೆ ಅಂದೆ. ಕರೀಲಾರ್ದ ಒಯ್ದ್ರು.’

ಮೈಲಾರಿ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇಲ್ಲ ಎಂದರೆ ಸುಳ್ಳಾದೀತು, ಸ್ವಲ್ಪ ಇದೆ. ಅಪ್ಪನ ಕೈಯನ್ನು ಪೆಟ್ಟಿಗೆಯಲ್ಲಿ ತುಂಬಿ ಅಂಗಡಿಗೆ ಕಳಿಸಿದ್ದು ನೀನು. ಅದನ್ನು ಯಾರು ಹೇಗೆ ಒಯ್ದಾರೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನಿನ್ನ ಕಾಗದವನ್ನು ಅವನಿಗೆ ಓದಿ ಹೇಳಿದ್ದೇನೆ. ಕೇಳಿ ಎದ್ದು ಹೊರಗೆ ಹೋದ. ಅವನು ಬರುತ್ತಾನೆಂದು ನೀನು ಕಾಯಬೇಡ, ಒತ್ತಾಯವನ್ನೂ ಮಾಡಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವ ನಿನ್ನ ಹೆಸರು ಹೇಳಿ ನಿವಾಳಿಸಿ ಹಾಕಿದ್ದಾಳೆ, ಯಾರ ಕಣ್ಣೂ ತಾಗದೆ ಚೆನ್ನಾಗಿರು.

ನಿನ್ನ ಅಕ್ಕ,
ಮಂಜವ್ವ

ತಾ.ಕ.: ಟಪಾಲಿನವನು ಹೊರಗೆ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವಾಗ ಅಪ್ಪ ತಾನಾಗಿ ಬಂದು ಹತ್ತಿರ ಕುಳಿತ. ಮುಂಬಯಿಗೆ ಬರುತ್ತಾನಂತೆ. ಎಷ್ಟು ಬೇಕಾದರೂ ಬಾರಿಸುತ್ತಾನಂತೆ. ಆದರೆ ಬರೀ ಹಲಗೆ ಎಲ್ಲಿಯೂ ಒಂದು ಉಸಿರಿನಷ್ಟೂ ಇರಕೂಡದು, ಪ್ರತಿ ಪೆಟ್ಟಿನ ಮೇಲೂ ಮಾತಿರಬೇಕು ಎಂದು ಹೇಳುತ್ತಿದ್ದಾನೆ. ಅಷ್ಟು ಮಾತು ನಿನ್ನ ಮಗ ಎಲ್ಲಿಂದ ತರಬೇಕು ಎಂದು ಕೇಳಿದೆ. ‘ಭಾಳ ಮಾತ್ ಯಾಕ ಬೇಕು? ನೀಲಪ್ಪ ಬರೂದಿಲ್ಲ, ನೀಲಪ್ಪ ಬರೂದಿಲ್ಲ, ಅಷ್ಟ ಅನಕೋತ ಹೋಗ್ಲಿ. ಆಮ್ಯಾಲ ಯಾರ ಹೆಣದ ಮುಂದ ಒಯ್ತಾರ, ಒಯ್ಯಲಿ’ ಎಂದ.