ಮೊಳೆಯ ವಿರುದ್ಧ ತೀರ್ಪು

ಜುಲೈ 4, ಸೋಮವಾರ. ಸಂಜೆ 5.10

ಎಂದಿನಂತೆ ಮೂರನೇ ಬೆಂಚು. ಎಂದಿನಂತೆ ಬಲಕ್ಕೆ ಮೊಳೆ. (ಮೈ ಸಣ್ಣ, ತಲೆ ದಪ್ಪ. ಒಂದನೇ ಕ್ಲಾಸಿನಲ್ಲಿ ನಾಮಕರಣ ಮಾಡಿದವನು ನಾನೇ.) ಡ್ರಾಯಿಂಗ್ ಮೇಷ್ಟ್ರು ಸೀನುವುದನ್ನು ಅಭಿನಯಿಸಿದೆ — ಏಳು ಭಾಗಗಳಲ್ಲಿ, ಕೊನೆಗೆ ಕರವಸ್ತ್ರದ ಹುಡುಕಾಟ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮೊಳೆ ನಗಲಿಲ್ಲ. ತುಟಿ ಬಿಗಿದು ಕಿಟಕಿ ನೋಡುತ್ತಿದ್ದ. ಕಲೆಗೆ ಬಗೆದ ದ್ರೋಹ. ನಾಳೆ ವಿಚಾರಣೆ.

ಜುಲೈ 5

ಊಟದ ಬಿಡುವಿನಲ್ಲಿ ಘನ ನ್ಯಾಯಾಲಯ ಸೇರಿತು, ಸೈಕಲ್ ಸ್ಟ್ಯಾಂಡಿನ ಹಿಂದೆ. ಆರೋಪಿಯನ್ನು ಕರೆಯಲಿಲ್ಲ. ಕರೆದರೆ ಮಜಾ ಎಲ್ಲಿ? ತೀರ್ಪು ನನ್ನ ಕೈಬರಹದಲ್ಲೇ, ಕೆಂಪು ಇಂಕು: ಯಾರೂ ಮೊಳೆಯೊಂದಿಗೆ ಮಾತಾಡತಕ್ಕದ್ದಲ್ಲ. ಮಾತಾಡಿದವರಿಗೂ ಅದೇ ಶಿಕ್ಷೆ. ಅವನಾಗಿಯೇ ಬಂದು ತಪ್ಪು ಒಪ್ಪಿ ಕ್ಷಮೆ ಕೇಳುವ ತನಕ ಜಾರಿಯಲ್ಲಿರತಕ್ಕದ್ದು. ಮೂವತ್ತೆಂಟು ಸಹಿ. ಹಾಳೆಯನ್ನು ಮಾನಿಟರ್ ಮಡಚಿ ಜಾಮೆಟ್ರಿ ಬಾಕ್ಸಿನಲ್ಲಿಟ್ಟುಕೊಂಡಳು. ನಾಳೆ ಸಂಜೆಯೊಳಗೆ ಕಾಲಿಗೆ ಬೀಳುತ್ತಾನೆ ಎಂದು ಭವಿಷ್ಯ ನುಡಿದೆ.

ಜುಲೈ 6

ಮೊಳೆ ರಬ್ಬರ್ ಕೇಳಿದ. ಅವನು ಗಾಜು ಎಂಬಂತೆ ಆಚೆ ನೋಡಿದೆ. ಏನೋ ಆಟವೆಂದು ಅವನೂ ನಕ್ಕ. ಸಂಜೆ ನಮ್ಮ ಹಿಂದೆಯೇ ಮನೆ ತನಕ ನಡೆದ. ಆರು ಅಡಿ ದೂರ.

ಜುಲೈ 8. ಮಧ್ಯಾಹ್ನ

ಒಂದು ವಿಷಯ ಈಗ ಹೊಳೆಯಿತು. ಕ್ಷಮೆ ಕೇಳಬೇಕಾದರೆ ತಪ್ಪು ಗೊತ್ತಿರಬೇಕು. ಅವನಿಗೆ ಯಾರೂ ಹೇಳಿಲ್ಲ. ಹೇಳಬೇಕಾದರೆ ಮಾತಾಡಬೇಕು... ಬಾಗಿಲೇ ಇಲ್ಲದ ಮನೆ ಕಟ್ಟಿದ್ದೇನೆ.

ಸಾಕು, ತೀರ್ಪು ರದ್ದು ಎಂದೆ. ಮಾನಿಟರ್ ಪೆನ್ಸಿಲ್ ಚೂಪು ಮಾಡುತ್ತಿದ್ದವಳು ತಲೆಯೆತ್ತಲಿಲ್ಲ.

"ನೀನೇ ಬರ್ದಿರೋದಲ್ವಾ? ರೂಲು ಅಂದ್ಮೇಲೆ ರೂಲು. ಮಾತಾಡು ಬೇಕಾದ್ರೆ, ನಿನ್ನ ಹೆಸರೂ ಸೇರಿಸ್ತೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಜುಲೈ 13

ಇಂದು ಕೊನೆಯ ಬೆಲ್ ಆದ ಮೇಲೆ ಮೊಳೆ ನನ್ನ ತೋಳು ಹಿಡಿದ.

"ಏನಾದ್ರೂ ತಪ್ಪಾಗಿದ್ರೆ ಹೇಳೋ. ಸರಿ ಮಾಡ್ಕೊಳ್ತೀನಿ."

ಇದು ಕ್ಷಮೆಯೋ ಅಲ್ಲವೋ ಎಂದು ಬಾಗಿಲಲ್ಲಿ ನಿಂತಿದ್ದವರೆಲ್ಲ ಚರ್ಚಿಸಿದರು, ಅವನ ಎದುರೇ, ಅವನಿಲ್ಲದಂತೆ. ತಪ್ಪು ಯಾವುದೆಂದು ಅವನು ಹೇಳಿಲ್ಲ, ಆದ್ದರಿಂದ ಕ್ಷಮೆ ಅಲ್ಲ — ಮಾನಿಟರ್ ತೀರ್ಮಾನ. ಘನ ನ್ಯಾಯಾಧೀಶರು (ಅಂದರೆ ನಾನು) ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು.

ಜುಲೈ 19. ರಾತ್ರಿ 8

ಮೊಳೆಯ ಅಮ್ಮ ನಮ್ಮ ಮನೆಗೆ ಬಂದಿದ್ದರು. ಅವನು ಸರಿಯಾಗಿ ಊಟ ಮಾಡುತ್ತಿಲ್ಲವಂತೆ. ಈ ತಿಂಗಳ ನಾಲ್ಕನೇ ತಾರೀಖು ಬೆಳಿಗ್ಗೆ ಹಲ್ಲು ಕೀಳಿಸಿ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಶಾಲೆಗೆ ಬಂದಿದ್ದನಂತೆ. ಬಾಯಿ ತೆರೆಯಬೇಡ ಎಂದಿದ್ದರಂತೆ ಡಾಕ್ಟರು. ಊಟ ಬಿಟ್ಟಿದ್ದಕ್ಕೆ ಹಲ್ಲಿನ ನೋವೇ ಕಾರಣವಿರಬೇಕು ಎಂದು ಅಮ್ಮ ಮೊದಲು ಅಂದುಕೊಂಡಿದ್ದರಂತೆ.

ನಾಲ್ಕನೇ ತಾರೀಖು.

"ಕ್ಲಾಸಲ್ಲಿ ಏನಾದ್ರೂ ಆಯ್ತೇನಪ್ಪಾ?"

"ಏನಿಲ್ಲ ಆಂಟಿ."

ಅಭಿನಯ ಚೆನ್ನಾಗಿತ್ತು. ನಂಬಿದರು.

ಜುಲೈ 20

ಹೇಳಿಬಿಡಲು ಬಾಯಿ ತೆರೆದೆ. ಹಿಂದೆ ಜಾಮೆಟ್ರಿ ಬಾಕ್ಸ್ ಟಕ್ ಎಂದಿತು. ಮುಚ್ಚಿಕೊಂಡೆ. ಮೊಳೆ ನೋಡಲೂ ಇಲ್ಲ. ಬೆಂಚಿನ ತೀರಾ ತುದಿಗೆ ಕೂರುತ್ತಾನೆ ಈಗ, ಅರ್ಧ ಗಾಳಿಯಲ್ಲಿ.

ಆಗಸ್ಟ್ 2

ಒಂಬತ್ತು ದಿನದಿಂದ ಬೆಂಚು ಖಾಲಿ. ಇವತ್ತು ಟೀಚರ್ ಹಾಜರಿಯಲ್ಲಿ ಅವನ ಹೆಸರಿಗೆ ಗೆರೆ ಎಳೆದರು. ಟಿ.ಸಿ. ತೆಗೆದುಕೊಂಡನಂತೆ. ಮಾನಿಟರ್ ಹಾಳೆ ಹರಿದು ಬುಟ್ಟಿಗೆ ಹಾಕಿದಳು. ಕೇಸು ಮುಗಿಯಿತು ಎಂದಳು. ಆಮೇಲೆ ಡ್ರಾಯಿಂಗ್ ಮೇಷ್ಟ್ರ ಸೀನು ಮಾಡೋ ಎಂದು ಎಲ್ಲರ ಒತ್ತಾಯ. ಮಾಡಿದೆ. ಏಳೂ ಭಾಗ.

ಆಗಸ್ಟ್ 6, ಶನಿವಾರ

ಅವನ ಮನೆಗೆ ಹೋದೆ. ದಾರಿಯುದ್ದಕ್ಕೂ ಉರು ಹೊಡೆದೆ — ಹಾಳೆ ಬರೆದವನು ನಾನು, ನೀನೇನೂ ಮಾಡಿಲ್ಲ. ಅವನ ಅಮ್ಮನಿಗೆ ಎಷ್ಟು ಸಂತೋಷ... ಅಂತೂ ಒಬ್ಬ ಬಂದನಲ್ಲ ಎಂದು. ಕರೆಯಲು ಒಳಗೆ ಹೋದರು. ಪರದೆ ತೆಳು. ಎಲ್ಲ ಕೇಳಿಸಿತು.

"ಇಲ್ಲ ಅಂತ ಹೇಳಮ್ಮ."

"ಯಾಕೋ? ನಿನ್ನ ದೋಸ್ತು ಕಣೋ."

"ಇನ್ನೇನೋ ತಮಾಷೆಗೆ ಬಂದಿರ್ತಾನೆ. ಹೋಗ್ಲಿ ಬಿಡು."

ಹೊರಗೆ ಬಂದು, ಮಲಗಿದ್ದಾನೆ ಎಂದರು, ನನ್ನ ಚಪ್ಪಲಿ ನೋಡುತ್ತ. ಎದ್ದ ಮೇಲೆ ಏನಾದರೂ ಹೇಳಬೇಕೇ ಎಂದು ಕೇಳಿದರು. ಉರು ಹೊಡೆದದ್ದು ಒಂದೂ ಬರಲಿಲ್ಲ. ಹೌದು ಆಂಟಿ, ಅಂದೆ. ಅವನಿಗೆ ಹೇಳಿ, ತಪ್ಪು ನನ್ನದು, ಕ್ಷಮೆ ಕೇಳೋಕೆ ಬಂದಿದ್ದೆ ಅಂತ.