ಮೇಲ್ದುಟಿ ಎತ್ತಿದ ದಿನ

ಅಪ್ಪಾ,

ದೇವಸಮುದ್ರದ ಬಯಲಿನಲ್ಲಿ ಹೆಣ್ಣು ಕುದುರೆಮರಿಗಳ ಓಟ ಈ ವರ್ಷವೂ ನಡೆಯಿತು. ನೀನು ಆ ಕಡೆ ಹೋಗುವುದನ್ನು ಬಿಟ್ಟ ಮೇಲೆ ಮನೆಯಲ್ಲಿ ಅದರ ಸುದ್ದಿ ಎತ್ತುವಂತಿರಲಿಲ್ಲ. ಎತ್ತಿದರೆ ಕಂಬಳಿ ಕೊಡವಿಕೊಂಡು ಎದ್ದು ಹೋಗುತ್ತಿದ್ದೆ. ಈಗ ಎದ್ದು ಹೋಗಲಾರೆಯಲ್ಲ, ಪೂರ್ತಿ ಕೇಳು.

ನೆನಪಿದೆಯಾ, ಶೇಂಗಾ ಕಿತ್ತು ಮುಗಿದ ಹೊಲದ ಬದುವಿನ ಮೇಲೆ ನನ್ನನ್ನು ಕೂರಿಸಿಕೊಂಡು ಓಟ ಹುಟ್ಟಿದ ಕಥೆ ಹೇಳುತ್ತಿದ್ದೆ. ಮುತ್ತಜ್ಜನ ಕಾಲದಲ್ಲಿ ಕುರಿ ಹಿಂಡಿನ ಹಿಂದೆ ರಾಯದುರ್ಗದ ಕಡೆ ಹೋಗುವಾಗ ಪಾತ್ರೆ ಪಡಗ ಹೊರಲು ನಮ್ಮವರಿಗೆ ಕುದುರೆ ಬೇಕಿತ್ತು. ಯಾವ ಹೆಣ್ಣುಮರಿಯನ್ನು ತಳಿಗೆ ಉಳಿಸಿಕೊಳ್ಳಬೇಕು ಎಂದು ತಿಳಿಯಲು ವರ್ಷಕ್ಕೊಮ್ಮೆ ಓಡಿಸುತ್ತಿದ್ದರು. ಹುಣಸೆಮರದಿಂದ ಗುಡ್ಡದ ಬುಡದವರೆಗೆ ನೇರ ಬಯಲು, ಗೆದ್ದದ್ದರ ಬೆನ್ನಿಗೆ ಒಂದು ಕರಿಕಂಬಳಿ. ನಿಯಮ ಒಂದೇ: ನಡುವಿನ ಹಾಲುಹಲ್ಲು ಬಿದ್ದು ಹೊಸದು ಬಂದಿರಬೇಕು. ಅದಕ್ಕೆ ಮೊದಲೇ ಓಡಿಸಿದರೆ ಎಳೆಮೂಳೆ ತಡೆಯುವುದಿಲ್ಲ. ಹಲ್ಲು ನೋಡುವ ಕೆಲಸ ನಮ್ಮ ಮನೆಯದಾಗಿತ್ತು.

ಆಮೇಲೆ ಚಳ್ಳಕೆರೆಯಿಂದ ಎಣ್ಣೆಮಿಲ್ಲಿನ ರುದ್ರಣ್ಣ ಬಂದ. ನಮ್ಮ ಗಿಡ್ಡ ಕುದುರೆಗಳ ನಡುವೆ ಅವನ ಎತ್ತರದ ಕೆಂದುಮರಿ. ನಾನಾಗ ಏಳನೇ ಕ್ಲಾಸು. ನೀನು ಅದರ ಕೆಳದುಟಿ ಎಳೆದು ಎರಡು ಹೊಸ ಹಲ್ಲು ನೋಡಿ, "ಓಡ್ಲಿ" ಅಂದೆ. ಮೇಲ್ದುಟಿ ಎತ್ತಲಿಲ್ಲ. ಯಾಕೆ ಎತ್ತುತ್ತೀಯ? ಕುದುರೆಗೆ ಕೆಳಗೆ ಹೊಸ ಹಲ್ಲು ಬಂದರೆ ಮೇಲೂ ಬಂದೇ ಇರುತ್ತದೆ. ಅದೂ ಅಲ್ಲದೆ, ಹುಟ್ಟಿದಾಗಿನಿಂದ ಕುರಿಯ ಬಾಯಿ ನೋಡಿದವನು ನೀನು. ಕುರಿಗೆ ಮುಂದೆ ಮೇಲಿನ ಹಲ್ಲೇ ಇರುವುದಿಲ್ಲವಲ್ಲ.

ಅರ್ಧ ಬಯಲು ದಾಟುವಷ್ಟರಲ್ಲಿ ಆ ಮರಿಯ ಮುಂಗಾಲು ಮುರಿಯಿತು. ಅದು ಕಣ್ಣು ಮುಚ್ಚಿದ ಮೇಲೆ ನೀನು ಬಾಯಿ ಪೂರ್ತಿ ತೆರೆದು ನೋಡಿದೆ. ಮೇಲೆ ಎಲ್ಲವೂ ಹಾಲುಹಲ್ಲು. ಕೆಳಗಿನ ಎರಡನ್ನು ರುದ್ರಣ್ಣ ಮುಂಚೆಯೇ ಕೀಳಿಸಿ, ಹೊಸದು ಬೇಗ ಬರುವಂತೆ ಮಾಡಿದ್ದ. ಹೇಳಿದೆಯಲ್ಲ ನೀನು, ಎಲ್ಲರ ಮುಂದೆ ಹೇಳಿದೆ. ಅದಕ್ಕವನು ನಕ್ಕು, "ಕುರಿ ಕಾಯೋನ ಕೈಗೆ ಕುದುರೆ ಬಾಯಿ ಕೊಟ್ಟಿದ್ದೇ ತಪ್ಪು. ಇವ್ನು ಓಡ್ಸು ಅಂದ, ಓಡ್ಸಿದ್ವಿ. ನನ್ ಮರೀನ ಕೊಂದೋನು ಇವ್ನೇ" ಅಂದ. ಊರು ಅವನ ಮಾತು ನಂಬಿತು. ನೀನು ಕಂಬಳಿ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದೆ, ಮತ್ತೆ ಆ ಕಡೆ ಹೋಗಲಿಲ್ಲ.

"ಮ್ಯಾಲೆ ನೋಡ್ಬೇಕಿತ್ತು ಕಣವ್ವ, ತಪ್ಪು ನಂದೂ ಐತೆ" ಅಂತ ಎಷ್ಟು ಸಲ ಹೇಳಿದೆ ನನಗೆ. ಇರಬಹುದು. ಆದರೆ ಇಕ್ಕಳ ಹಿಡಿಸಿದವನು ಯಾರು? ಸಾಯುವ ದಿನವೂ ನೀನು ಅವನಿಗೆ ಒಂದು ಕೆಟ್ಟ ಮಾತು ಆಡಲಿಲ್ಲ. ನಿನ್ನ ಆ ಒಳ್ಳೆಯತನದ ಮೇಲೆ ನನಗೆ ಅವನ ಮೇಲಿನಷ್ಟೇ ಸಿಟ್ಟಿತ್ತು, ನಿಜ ಹೇಳುತ್ತೇನೆ.

ನೀನು ಹೋದ ಮೇಲೆ ಸಿಕ್ಕ ಸಿಕ್ಕ ಕುದುರೆ, ಕತ್ತೆಗಳ ಬಾಯಿ ತೆರೆದು ನೋಡಿ ಕಲಿತೆ. ಎರಡು ಸಲ ಬೆರಳು ಕಚ್ಚಿಸಿಕೊಂಡೆ. ಹಲ್ಲು ನಾನು ನೋಡುತ್ತೇನೆ ಎಂದಾಗ ಗಂಡಸರು ನಕ್ಕರು. ಓಟದ ಹಿರಿಯ ಓಬಜ್ಜ ಮಾತ್ರ, "ಮನೆ ಕೆಲ್ಸ ಮಗಳು ಮಾಡಿದ್ರೆ ನಿಮಗೇನ್ರಲೇ ಕಷ್ಟ" ಅಂದ. ಮೂರು ವರ್ಷ ಹಲ್ಲು ನೋಡಿದೆ, ಮೂರು ವರ್ಷ ರುದ್ರಣ್ಣನಿಗಾಗಿ ಕಾದೆ.

ಈ ವರ್ಷ ಬಂದ. ಕೈಯಲ್ಲಿ ಮೊಬೈಲು, ಹಿಂದೆ ಇನ್ನೊಂದು ಎತ್ತರದ ಮರಿ. ಕುರಿಯವನ ಮಗಳು ಕೆಳಗಷ್ಟೇ ನೋಡುತ್ತಾಳೆ ಅಂದುಕೊಂಡಿದ್ದನೋ ಏನೋ... ತಾನೇ ಮುಂದೆ ಬಂದು ಅದರ ಕೆಳದುಟಿ ಎಳೆದು ಎರಡು ಹೊಸ ಹಲ್ಲು ತೋರಿಸಿದ. ನಾನು ಮೇಲಿನದನ್ನು ಎತ್ತಿದೆ. ಪುಟ್ಟ ಬಿಳೀ ಹಾಲುಹಲ್ಲು, ಸಾಲಾಗಿ. ಒಬ್ಬೊಬ್ಬರನ್ನೇ ಕರೆದು ತೋರಿಸಿದೆ.

"ಆವತ್ತೂ ಹಿಂಗೇ ಮಾಡಿದ್ಯೇನಲೇ?" ಅಂದ ಓಬಜ್ಜ.

ಅವನು ಮೊಬೈಲು ನೋಡತೊಡಗಿದ. ಉತ್ತರ ಬರುವ ತನಕ ಓಟ ಬಿಡುವುದಿಲ್ಲ ಎಂದೆ. ಬಿಸಿಲು ನೆತ್ತಿಗೆ ಬಂದ ಮೇಲೆ ಬಾಯಿ ಬಿಟ್ಟ: "ಹೌದು. ಕೀಳ್ಸಿದ್ದೋನು ನಾನೇ. ಇವ್ರಪ್ಪಂದೇನೂ ತಪ್ಪಿಲ್ಲ."

ಹಾಯೆನಿಸಿತಪ್ಪ, ಸುಳ್ಳು ಯಾಕೆ ಹೇಳಲಿ. ಆದರೆ ಸಾಲಲಿಲ್ಲ. ದಂಡ ಏನು ಹಾಕಬೇಕು ಎಂದು ಹಿರಿಯರು ನನ್ನನ್ನೇ ಕೇಳಿದರು. ಇನ್ನು ಮುಂದೆ ಅವನ ಕುದುರೆ ಈ ಬಯಲಿಗೆ ಬರಬಾರದು, ಅವನು ಮಾತ್ರ ತಪ್ಪದೆ ಬರಬೇಕು ಎಂದೆ. ನಾನು ಹಲ್ಲು ನೋಡುವಾಗ ಮರಿಗಳ ಹಗ್ಗ ಹಿಡಿದು ನಿಲ್ಲಬೇಕು. ಯಾರಾದರೂ "ಇವ್ರು ಯಾಕಿಲ್ಲಿ ನಿಂತವ್ರೆ" ಅಂತ ಕೇಳಿದರೆ, ಯಾಕೆಂದು ಅವನೇ ಹೇಳಬೇಕು. ಅವತ್ತೇ ಹನ್ನೊಂದು ಮರಿ ಹಿಡಿದ. ನಾಲ್ಕು ಸಲ ಹೇಳಿದ.

ಸಂಜೆ ನನ್ನ ಹತ್ತಿರ ಬಂದು, "ವಯಸ್ಸಾಗೈತೆ ತಾಯಿ, ಇದೊಂದು ವರ್ಷಕ್ಕೆ ಸಾಕು ಮಾಡವ್ವ" ಎಂದು ಕೈಮುಗಿದ. ನೀನಾಗಿದ್ದರೆ ಬಿಟ್ಟುಬಿಡುತ್ತಿದ್ದೆ, ಗೊತ್ತು.

"ಮುಂದಿನ ವರ್ಷ ಬೇಗ ಬರ್ರಿ" ಎಂದೆ.